ಎಂಜಿನ್ ತಡವರಿಕೆ: ಮುಂಬಯಿಯ ವಾಯುಶೀತಲ ಹಳೆಯ ಕಾರುಗಳಲ್ಲಿ ಪತ್ತೆ ಮತ್ತು ದುರಸ್ತಿ

ಆಕ್ಸಿಲರೇಟರ್ ಒತ್ತಿದ ಮೇಲೆ ಎಂಜಿನ್ ಎಳೆಯತೊಡಗುವ ಮುನ್ನ ಬೀಳುವ ಖಾಲಿ ಗಳಿಗೆಗೆ ಎಂಜಿನ್ ತಡವರಿಕೆ ಎನ್ನಬಹುದು. ಕಾಲು ಕೆಳಗಿಳಿದಿರುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಒಮ್ಮೆ ಕುಗ್ಗಿ, ಕೆಲವೊಮ್ಮೆ ಕಾರ್ಬರೇಟರಿನ ಬಾಯಿಂದ 'ಫಟ್' ಎಂದು ಸೀನಿ, ಆಮೇಲೆ ಒಮ್ಮೆಲೇ ಜಗ್ಗುತ್ತದೆ. ಇಂಥ ಗಾಡಿಗೆ 'ಪಿಕಪ್ ಇಲ್ಲ' ಎನ್ನುವುದು ಮುಂಬಯಿಯ ಮಾತು. ಆದರೆ ಆ ಒಂದು ಮಾತಿನಲ್ಲಿ ಮೂರು ನಾಲ್ಕು ಬೇರೆ ಬೇರೆ ದೋಷಗಳು ಸೇರಿಕೊಳ್ಳುತ್ತವೆ. ಒಂದು ಸಿಲಿಂಡರ್ ಸದಾ ಉರಿಯದೆ ಹೋಗುವುದು 'ಮಿಸ್ಸಿಂಗ್'. ಏರಿನಲ್ಲಿ ಪೂರ್ತಿ ರೇಸ್ ಕೊಟ್ಟರೂ ಗಾಡಿ ಸೋಲುವುದು ಶಕ್ತಿಯ ಕೊರತೆ. ಬಿಸಿಯಾದ ಗಾಡಿ ಸಿಗ್ನಲಿನಲ್ಲಿ ನಿಂತು ಪೆಟ್ರೋಲೇ ಏರದೆ ಹೋಗುವುದು ಆವಿಯ ತಡೆ. ತಡವರಿಕೆ ಇವೆಲ್ಲಕ್ಕಿಂತ ಬೇರೆ: ಅದು ಥ್ರಾಟಲಿನ ಸ್ಥಾನ ಬದಲಾಗುವ ಹೊತ್ತಿಗೆ ಮಾತ್ರ ಕಾಣಿಸಿಕೊಂಡು, ಬದಲಾವಣೆ ಮುಗಿದ ಕೂಡಲೇ ಮಾಯವಾಗುತ್ತದೆ. ಪತ್ತೆಗೆ ಮೊದಲ ಸುಳಿವೂ ಅದೇ.

ಈ ದೋಷವನ್ನು ವಾಯುಶೀತಲ ಕಾರುಗಳಿಗೆ ಸಂಬಂಧಿಸಿ ಬೇರೆಯಾಗಿಯೇ ನೋಡಬೇಕಾಗುತ್ತದೆ. ಕಾರ್ಬರೇಟರ್, ಪಾಯಿಂಟ್, ಪ್ಲಗ್ ಎಲ್ಲ ಹಳೆಯ ಕಾರುಗಳಿಗೂ ಸಮಾನ. ಆದರೆ ರೇಡಿಯೇಟರ್ ಇಲ್ಲದ ಎಂಜಿನ್ನಿನಲ್ಲಿ ಬಿಸಿಯ ಲೆಕ್ಕ ಬೇರೆ, ಪೆಟ್ರೋಲ್ ಸಾಗುವ ದಾರಿಯೂ ಬೇರೆ. ಅದಕ್ಕೆ ಮುಂಬಯಿಯ ಮಳೆ, ಉಪ್ಪುಗಾಳಿ ಮತ್ತು ಟ್ರಾಫಿಕ್ ಸೇರಿದಾಗ ಜರ್ಮನಿಯ ಕೈಪಿಡಿ ಹೇಳುವ ಕಾರಣಗಳ ಪಟ್ಟಿ ಹಿಂದುಮುಂದಾಗುತ್ತದೆ.

ಕಾರುಗಳು

ವಾಯುಶೀತಲ ಕಾರು ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಫೋಕ್ಸ್‌ವ್ಯಾಗನ್ ಬೀಟಲ್. ಫರ್ಡಿನೆಂಡ್ ಪೋರ್ಷೆಯ ವಿನ್ಯಾಸದ ಈ ಕಾರು 1938ರಿಂದ 2003ರ ಜುಲೈ 30ರವರೆಗೆ ತಯಾರಾಯಿತು. ಕೊನೆಯ ಕಾರು ಹೊರಬಂದದ್ದು ಮೆಕ್ಸಿಕೊದ ಪ್ಯೂಬ್ಲಾ ಕಾರ್ಖಾನೆಯಿಂದ. ಒಟ್ಟು ಸಂಖ್ಯೆ 2 ಕೋಟಿ 15 ಲಕ್ಷ ಮೀರಿತ್ತು. 1972ರ ಫೆಬ್ರವರಿಯಲ್ಲೇ ಅದು ಫೋರ್ಡ್ ಮಾಡೆಲ್ ಟಿಯ ದಾಖಲೆಯನ್ನು ದಾಟಿತ್ತು. ಹಿಂಬದಿಯಲ್ಲಿ ಕೂತ ಎಂಜಿನ್ನಿಗೆ ಎದುರುಬದುರು ಮಲಗಿದ ನಾಲ್ಕು ಸಿಲಿಂಡರ್. ಸಿಲಿಂಡರುಗಳು ಬಿಡಿಬಿಡಿಯಾದ ಬೀಡುಕಬ್ಬಿಣದವು, ಹೊರಮೈಗೆಲ್ಲ ಲೋಹದ ರೆಕ್ಕೆಗಳು. ಹೆಡ್ ಅಲ್ಯುಮಿನಿಯಮ್, ಕ್ರ್ಯಾಂಕ್‌ಕೇಸ್ ಮೆಗ್ನೀಸಿಯಮ್ ಮಿಶ್ರಲೋಹ. ಅಳತೆ ಕಾಲಕ್ರಮದಲ್ಲಿ 1192, 1285, 1493 ದಾಟಿ 1584 ಸಿಸಿವರೆಗೆ ಬೆಳೆಯಿತು. ಇದೇ ಎಂಜಿನ್ ಕಾರ್ಮನ್ ಘಿಯಾದಲ್ಲೂ ಫೋಕ್ಸ್‌ವ್ಯಾಗನ್ ಬಸ್ಸಿನಲ್ಲೂ ಕೂತಿತು. ಎರಡು ಸಿಲಿಂಡರಿನ ಫಿಯೆಟ್ 500, ಸಿಟ್ರೊಯೆನ್ 2ಸಿವಿ, 1998ರವರೆಗಿನ ಪೋರ್ಷೆ 911 ಇದೇ ಜಾತಿಯವು. ನಮ್ಮಲ್ಲಿ ಬೆಂಗಳೂರಿನ ಸನ್‌ರೈಸ್ ಕಂಪನಿ 1970ರ ದಶಕದಲ್ಲಿ ತಂದ ಮೂರು ಚಕ್ರದ 'ಬಾದಲ್' ಕಾರಿಗೂ ಹಿಂಬದಿಯಲ್ಲಿ ಎರಡು ಸ್ಟ್ರೋಕಿನ ಪುಟ್ಟ ಎಂಜಿನ್ ಇತ್ತು.

ಮುಂಬಯಿಯ ಬೀಟಲ್‌ಗಳು ಬಿಡಿಬಿಡಿಯಾಗಿ ಹೊರದೇಶದಿಂದ ಬಂದು ಉಳಿದುಕೊಂಡವು. ಈ ನಗರದ ಸ್ವಂತ ಹಳೆಗಾರು ಕುರ್ಲಾದ ಪ್ರೀಮಿಯರ್ ಆಟೊಮೊಬೈಲ್ಸ್ ಕಾರ್ಖಾನೆಯ ಪ್ರೀಮಿಯರ್ ಪದ್ಮಿನಿ. 1089 ಸಿಸಿಯ ಅದು ನೀರಿನಿಂದ ತಂಪಾಗುವ ಎಂಜಿನ್. 2023ರ ಅಕ್ಟೋಬರ್ ಕೊನೆಯಲ್ಲಿ ಟ್ಯಾಕ್ಸಿಯಾಗಿ ಅದರ ಓಟ ನಿಲ್ಲುವವರೆಗೆ ನಗರದ ಮೆಕ್ಯಾನಿಕ್‌ಗಳ ಕೈ ಪಳಗಿದ್ದು ಅದರ ಮೇಲೆ. ಕಾರ್ಬರೇಟರ್, ಡೆಲ್ಕೊ (ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್), ಪಾಯಿಂಟ್, ಎಸಿ ಪಂಪ್ (ಪೆಟ್ರೋಲ್ ಎತ್ತುವ ಪಂಪ್) ಬಲ್ಲ ಆ ಕೈಗಳಿಗೆ ಬೀಟಲ್ ಮುಕ್ಕಾಲು ಪಾಲು ಪರಿಚಿತವೇ. ಉಳಿದ ಕಾಲು ಪಾಲು, ಅಂದರೆ ಗಾಳಿಯ ತಂಪಿನ ಏರ್ಪಾಡನ್ನು ಬಲ್ಲವರು ಆಟೊ ಮೆಕ್ಯಾನಿಕ್‌ಗಳು. ಬಾಂದ್ರಾ–ಸಾಯನ್ ಆಚೆಯ ಉಪನಗರಗಳಲ್ಲಿ ಮಾತ್ರ ಓಡುವ ರಿಕ್ಷಾಗಳ ಹಿಂಬದಿಯ ಎಂಜಿನ್ ಬಹುಕಾಲ ಗಾಳಿಯಿಂದಲೇ ತಂಪಾಗುತ್ತಿತ್ತು. ಈ ಎರಡು ವಿದ್ಯೆ ಒಬ್ಬನಲ್ಲೇ ಸಿಕ್ಕರೆ ಬೀಟಲ್ ಮಾಲೀಕ ಅವನನ್ನು ಬಿಟ್ಟುಕೊಡಬಾರದು.

ಕಾಲು ಒತ್ತಿದಾಗ ನಡೆಯುವುದು

ಎಂಜಿನ್ ಸುಮ್ಮನೆ ಓಡುತ್ತಿರುವಾಗ ಥ್ರಾಟಲಿನ ಎಲೆ ಬಹುಪಾಲು ಮುಚ್ಚಿರುತ್ತದೆ. ಅದರ ಕೆಳಗಿನ ಮ್ಯಾನಿಫೋಲ್ಡ್ ಪೈಪಿನಲ್ಲಿ ಗಾಳಿಯ ಒತ್ತಡ ಕಡಿಮೆ. ಕಡಿಮೆ ಒತ್ತಡದಲ್ಲಿ ಪೆಟ್ರೋಲ್ ಸುಲಭವಾಗಿ ಆವಿಯಾಗಿಯೇ ಇರುತ್ತದೆ. ಎಲೆಯನ್ನು ಫಕ್ಕನೆ ತೆರೆದರೆ ಗಾಳಿ ನುಗ್ಗುತ್ತದೆ, ಒತ್ತಡ ಏರುತ್ತದೆ, ಆವಿ ಹನಿಯಾಗಿ ಪೈಪಿನ ಒಳಗೋಡೆಗೆ ಅಂಟುತ್ತದೆ. ಗಾಳಿ ಹಗುರ, ಕೂಡಲೇ ಸಿಲಿಂಡರ್ ತಲುಪುತ್ತದೆ, ಪೆಟ್ರೋಲ್ ಹಿಂದುಳಿಯುತ್ತದೆ. ಕೆಲವು ಸುತ್ತುಗಳ ಕಾಲ ಮಿಶ್ರಣ ಉರಿಯಲಾರದಷ್ಟು ತೆಳು. ಈ ಕಂದಕವನ್ನು ತುಂಬಲೆಂದೇ ಕಾರ್ಬರೇಟರಿಗೆ ಆಕ್ಸಿಲರೇಟರ್ ಪಂಪ್ ಇರುವುದು: ಪೆಡಲ್ ಒತ್ತಿದಾಗ ಒಂದು ರಬ್ಬರ್ ಪೊರೆ ಒಂದೂವರೆ ಸಿಸಿಯಷ್ಟು ಪೆಟ್ರೋಲನ್ನು ನೇರವಾಗಿ ಗಂಟಲಿಗೆ ಚಿಮ್ಮಿಸುತ್ತದೆ.

ಬೀಟಲ್‌ನಲ್ಲಿ ಈ ಕಂದಕ ಸ್ವಭಾವತಃ ದೊಡ್ಡದು. ಕಾರ್ಬರೇಟರ್ ಎಂಜಿನ್ನಿನ ನಡುನೆತ್ತಿಯ ಮೇಲೆ ಒಂದೇ ಒಂದು. ಅಲ್ಲಿಂದ ಎಡಬಲದ ಹೆಡ್‌ಗಳಿಗೆ ಸಣ್ಣ ಕೊಳವೆ ಉದ್ದಕ್ಕೂ ಚಾಚಿದೆ. ನೀರಿನ ಎಂಜಿನ್‌ಗಳಲ್ಲಿ ಮ್ಯಾನಿಫೋಲ್ಡ್ ಹೆಡ್ಡಿಗೆ ಒತ್ತಿಕೊಂಡು ಬೆಚ್ಚಗಿರುತ್ತದೆ, ಇಲ್ಲಿ ಅದು ಗಾಳಿಯಲ್ಲಿ ತೂಗಾಡುತ್ತದೆ. ಇದನ್ನು ಬಲ್ಲ ವಿನ್ಯಾಸಕಾರರು ಹೊಗೆಯ ಪೈಪಿನಿಂದ ಒಂದು ತೆಳು ಕವಲನ್ನು ತಂದು ಮ್ಯಾನಿಫೋಲ್ಡಿನ ನಡುಭಾಗಕ್ಕೆ ಜೋಡಿಸಿದರು. ಸುಡುಹೊಗೆ ಅದರಲ್ಲಿ ಹಾದುಹೋಗಿ ಪೆಟ್ರೋಲಿನ ಹನಿಗಳನ್ನು ಮತ್ತೆ ಆವಿ ಮಾಡುತ್ತದೆ. ವರ್ಷಗಳು ಕಳೆದಂತೆ ಈ ಕವಲಿನಲ್ಲಿ ಮಸಿ ಗಟ್ಟಿಯಾಗಿ ದಾರಿ ಮುಚ್ಚುತ್ತದೆ. ಶೋಕಿಯ ಸೈಲೆನ್ಸರ್ ಹಾಕಿಸಿದವರ ಗಾಡಿಯಲ್ಲಿ ಎಷ್ಟೋ ಸಲ ಕವಲಿಗೆ ಹೊಗೆ ಬರುವ ದಾರಿಯೇ ಇರುವುದಿಲ್ಲ.

ಪೆಟ್ರೋಲಿನಷ್ಟೇ ಮುಖ್ಯ ಕಿಡಿಯ ಹೊತ್ತು. ತೆಳು ಮಿಶ್ರಣ ನಿಧಾನ ಉರಿಯುತ್ತದೆ, ಆದ್ದರಿಂದ ಕಿಡಿ ಬೇಗ ಬೀಳಬೇಕು. 1960ರ ದಶಕದ ಹೆಚ್ಚಿನ ಬೀಟಲ್‌ಗಳ ಡೆಲ್ಕೊ ಈ ಕೆಲಸವನ್ನು ಕಾರ್ಬರೇಟರಿನ ನಿರ್ವಾತದಿಂದಲೇ ಮಾಡಿಕೊಳ್ಳುತ್ತಿತ್ತು. ಒಂದು ಸಣ್ಣ ಟ್ಯೂಬು ಕಾರ್ಬರೇಟರಿನಿಂದ ಡೆಲ್ಕೊದ ಡಬ್ಬಿಗೆ ಬರುತ್ತದೆ. ಥ್ರಾಟಲ್ ತುಸು ತೆರೆದ ಕೂಡಲೇ ಡಬ್ಬಿಯೊಳಗಿನ ಪೊರೆ ಎಳೆದು ಪಾಯಿಂಟಿನ ತಟ್ಟೆಯನ್ನು ತಿರುಗಿಸುತ್ತದೆ. ಈ ಟ್ಯೂಬಿನ ಬಗ್ಗೆ ಮುಂದೆ ಇನ್ನಷ್ಟು ಹೇಳುವುದಿದೆ, ಏಕೆಂದರೆ ತಡವರಿಸುವ ಬೀಟಲ್‌ಗಳಲ್ಲಿ ಅಪರಾಧಿ ಅದರ ಸುತ್ತಮುತ್ತಲೇ ಸಿಗುತ್ತಾನೆ.

ಮುಂಬಯಿ ಸೇರಿಸುವುದು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬಯಿಯಲ್ಲಿ 2,000 ಮಿ.ಮೀ. ಮೀರಿ ಮಳೆ ಬೀಳುತ್ತದೆ. ಗಾಳಿಯ ತೇವ ಆಗ ವಾರಗಟ್ಟಲೆ ಶೇಕಡಾ 80ರ ಮೇಲೇ ನಿಲ್ಲುತ್ತದೆ. ಕಾರ್ಬರೇಟರಿನ ಗಂಟಲಲ್ಲಿ ಪೆಟ್ರೋಲ್ ಆವಿಯಾಗುವಾಗ ಸುತ್ತಲಿನ ಬಿಸಿಯನ್ನು ಹೀರಿಕೊಳ್ಳುವುದರಿಂದ ಅಲ್ಲಿನ ಉಷ್ಣತೆ ಹತ್ತಿಪ್ಪತ್ತು ಡಿಗ್ರಿ ಇಳಿಯಬಲ್ಲುದು. ಕವಲು ಮುಚ್ಚಿದ ಗಾಡಿಯಲ್ಲಿ ಜುಲೈ ತಿಂಗಳ ಬೆಳಗ್ಗೆ ಎಂಜಿನ್ ಚಾಲೂ ಮಾಡಿ ಹತ್ತು ನಿಮಿಷ ಬಿಟ್ಟು ಮ್ಯಾನಿಫೋಲ್ಡ್ ಮುಟ್ಟಿ ನೋಡಿದರೆ, ಅದು ಐಸ್ ನೀರಿನ ಲೋಟದಂತೆ ಬೆವರಿರುತ್ತದೆ. ಶೀತದೇಶದ ತೊಂದರೆ ಎಂದು ನಾವು ಭಾವಿಸುವ ಮ್ಯಾನಿಫೋಲ್ಡ್ ತಣಿತ ಮುಂಬಯಿಯಲ್ಲಿ ಮಳೆಗಾಲದ ದೋಷ. ಬೇಸಿಗೆಯಲ್ಲಿ ಚೆನ್ನಾಗಿ ಓಡಿದ ಕಾರು ಮಳೆ ಹಿಡಿದ ಮೇಲೆ ತಡವರಿಸಿದರೆ ವಯರಿಂಗ್ ನೆನೆದಿದೆ ಎಂದು ಎಲ್ಲರೂ ಊಹಿಸುತ್ತಾರೆ. ಊಹೆ ಅರ್ಧ ಸರಿ. ಉಳಿದರ್ಧ ಈ ಪೈಪಿನಲ್ಲಿದೆ.

ಸಮುದ್ರದ ಗಾಳಿ ಇನ್ನೊಂದು ರೀತಿಯಲ್ಲಿ ಕೆಲಸ ಮಾಡುತ್ತದೆ. ವರ್ಲಿ, ಕೊಲಾಬಾ, ವಾಲ್ಕೇಶ್ವರಗಳಲ್ಲಿ ಬಯಲಲ್ಲಿ ನಿಲ್ಲುವ ಗಾಡಿಯ ಪ್ರತಿಯೊಂದು ವಯರ್ ತುದಿಗೂ ಹಸಿರು ಕಿಲುಬು ಹತ್ತುತ್ತದೆ. ಹಳೆಯ 6 ವೋಲ್ಟ್ ಗಾಡಿಗಳಿಗೆ ಇದು ದೊಡ್ಡ ಶಾಪ. ಅರ್ಧ ವೋಲ್ಟ್ ಕಿಲುಬಿನಲ್ಲಿ ಕಳೆದರೂ ಕಾಯಿಲಿಗೆ ಸಿಗುವ ಪಾಲು ಗಣನೀಯವಾಗಿ ಇಳಿಯುತ್ತದೆ, ಕಿಡಿ ಸೊರಗುತ್ತದೆ. ಸೊರಗಿದ ಕಿಡಿ ಸುಮ್ಮನೆ ಓಡುವಾಗ ಸಾಕಾಗಬಹುದು. ಥ್ರಾಟಲ್ ತೆರೆದಾಗ ಸಿಲಿಂಡರಿನೊಳಗಿನ ಒತ್ತಡ ಏರುವುದರಿಂದ ಪ್ಲಗ್ಗಿನ ಸಂದಿಯನ್ನು ದಾಟಲು ಹೆಚ್ಚು ವೋಲ್ಟೇಜ್ ಬೇಕು. ಆಗ ಕಿಡಿ ದಾಟುವುದಿಲ್ಲ. ಬೆಂಗಳೂರಿನ ಆಡುಗೋಡಿಯಲ್ಲಿದ್ದ ಮೈಕೊ ಕಂಪನಿಯ ಪ್ಲಗ್ ದೇಶದ ಪ್ರತಿ ಗ್ಯಾರೇಜಿನಲ್ಲೂ ಮನೆಮಾತಾಗಿತ್ತು. ಪಿಕಪ್ ಇಲ್ಲವೆಂದರೆ ಪ್ಲಗ್ ಬದಲಿಸಿ ನೋಡುವ ನಮ್ಮವರ ಅಭ್ಯಾಸಕ್ಕೆ ಅದೂ ಒಂದು ಕಾರಣವಿರಬಹುದು.

ಟ್ರಾಫಿಕ್ಕಿನ ಪೆಟ್ಟು ಬೇರೆ. ಬೀಟಲ್‌ನ ತಂಪಿನ ಫ್ಯಾನ್ ಡೈನಮೊದ ದಂಡಕ್ಕೇ ಜೋಡಿಸಿದ್ದು, ಒಂದು ಬೆಲ್ಟ್ ಅದನ್ನು ತಿರುಗಿಸುತ್ತದೆ. ಎಂಜಿನ್ ನಿಧಾನವಾದರೆ ಗಾಳಿಯೂ ನಿಧಾನ. ಸಾಯನ್ ಸರ್ಕಲಿನಲ್ಲೋ ಘೋಡ್‌ಬಂದರ್ ರಸ್ತೆಯಲ್ಲೋ ಮೇ ತಿಂಗಳ ಮಧ್ಯಾಹ್ನ ತೆವಳುವ ಗಾಡಿಯ ಎಂಜಿನ್ ಗೂಡಿನಲ್ಲಿ ಬಿಸಿ ಕಟ್ಟಿಕೊಳ್ಳುತ್ತದೆ. ಗೂಡಿನ ಅಂಚಿನ ರಬ್ಬರ್ ಪಟ್ಟಿ ಹರಿದಿದ್ದರೆ, ತಗಡಿನ ಹೊದಿಕೆಗಳಲ್ಲಿ ಒಂದೆರಡು ಕಾಣೆಯಾಗಿದ್ದರೆ, ಕೆಳಗೆ ಹೊರಬಿದ್ದ ಬಿಸಿಗಾಳಿಯನ್ನೇ ಫ್ಯಾನ್ ಮತ್ತೆ ಹೀರುತ್ತದೆ. ಈ ತಗಡುಗಳನ್ನು ಕಸವೆಂದು ಕಿತ್ತೆಸೆದ ಗಾಡಿಗಳು ಮುಂಬಯಿಯಲ್ಲಿ ಬೇಕಾದಷ್ಟು. ಎಂಜಿನ್ನಿನ ಮೈಗೇ ಕೂತ ಎಸಿ ಪಂಪಿನಲ್ಲೂ ಕಾರ್ಬರೇಟರಿನ ಬಟ್ಟಲಿನಲ್ಲೂ ಪೆಟ್ರೋಲ್ ಕುದಿಯತೊಡಗುತ್ತದೆ. ಗಾಡಿ ನಿಲ್ಲಿಸಿ ಚಹಾ ಕುಡಿದು ಬಂದು ಚಾಲೂ ಮಾಡಿದರೆ ಮೊದಲ ಒಂದು ನಿಮಿಷ ಕಪ್ಪು ಹೊಗೆಯೊಂದಿಗೆ ಎಡವುವುದು ಈ ಕುದಿತದ ಗುರುತು. ಉಕ್ಕಿದ ಪೆಟ್ರೋಲ್ ಮ್ಯಾನಿಫೋಲ್ಡಿನೊಳಗೆ ಸುರಿದಿರುತ್ತದೆ.

ಈಚಿನ ಸೇರ್ಪಡೆ ಎಥೆನಾಲ್. ಶೇಕಡಾ 20 ಎಥೆನಾಲ್ ಬೆರೆತ ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಲಾಯಿತು. 2025ರ ಹೊತ್ತಿಗೆ ಅದು ದೇಶದ ಸಾಮಾನ್ಯ ಪೆಟ್ರೋಲ್ ಆಗಿತ್ತು. ಶುದ್ಧ ಪೆಟ್ರೋಲ್ ಉರಿಯಲು ತನ್ನ ತೂಕದ ಸುಮಾರು 14.7 ಪಟ್ಟು ಗಾಳಿ ಬೇಕು, ಎಥೆನಾಲಿಗೆ ಸುಮಾರು 9 ಪಟ್ಟು ಸಾಕು. ಇಂಜೆಕ್ಷನ್ ಇರುವ ಹೊಸ ಕಾರು ಸೆನ್ಸರ್ ನೋಡಿ ಪೆಟ್ರೋಲನ್ನು ಹೆಚ್ಚಿಸಿಕೊಳ್ಳುತ್ತದೆ. ಐವತ್ತು ವರ್ಷ ಹಿಂದೆ ಕೊರೆದ ಹಿತ್ತಾಳೆಯ ಜೆಟ್ಟಿಗೆ ಅದು ತಿಳಿಯುವುದಿಲ್ಲ, ಮಿಶ್ರಣ ಶೇಕಡಾ 7–8ರಷ್ಟು ತೆಳುವಾಗುತ್ತದೆ. ಮೊದಲೇ ಅಂಚಿನಲ್ಲಿದ್ದ ಗಾಡಿ ತಡವರಿಸಲು ಇಷ್ಟೇ ಸಾಕು. ಎಥೆನಾಲ್ ಆವಿಯಾಗಲು ಹೆಚ್ಚು ಬಿಸಿ ಬೇಡುವುದರಿಂದ ಮ್ಯಾನಿಫೋಲ್ಡ್ ಇನ್ನಷ್ಟು ತಣಿಯುತ್ತದೆ. ಅದು ಗಾಳಿಯ ತೇವವನ್ನೂ ಹೀರುತ್ತದೆ. ಮಳೆಗಾಲವಿಡೀ ನಿಂತ ಗಾಡಿಯ ಟ್ಯಾಂಕಿನಲ್ಲಿ ನೀರೂ ಎಥೆನಾಲೂ ಒಂದಾಗಿ ತಳಕ್ಕಿಳಿಯುತ್ತವೆ, ಪೈಪು ಮೊದಲು ಎಳೆಯುವುದು ಆ ತಳದ ನೀರನ್ನೇ. ಹಳೆಯ ರಬ್ಬರ್ ಹೋಸು, ಪಂಪಿನ ಪೊರೆ ಎರಡನ್ನೂ ಅದು ಮೆತ್ತಗಾಗಿಸುತ್ತದೆ. ಇದು ಬರೀ ಪಿಕಪ್ಪಿನ ಮಾತಲ್ಲ. ಹಿಂಬದಿಯ ಬಿಸಿ ಗೂಡಿನಲ್ಲಿ ಹೋಸು ಸೋರಿದರೆ ಬೆಂಕಿ. ಮೆಗ್ನೀಸಿಯಮ್ ಹತ್ತಿಕೊಂಡರೆ ನೀರು ಹಾಕಿ ಆರಿಸುವಂತಿಲ್ಲ. ಪತ್ತೆಗೆ ಕೈಹಾಕುವ ಮೊದಲೇ ಎಥೆನಾಲ್ ತಾಳುವ ಹೊಸ ಹೋಸು ಹಾಕಿಸುವುದು ಲೇಸು.

ಪತ್ತೆಯ ಕ್ರಮ

ಪಿಕಪ್ ಇಲ್ಲವೆಂದರೆ ಗ್ಯಾರೇಜಿನಲ್ಲಿ ಮೊದಲು ಬಿಚ್ಚುವುದು ಕಾರ್ಬರೇಟರನ್ನು. ಕೈಗೆ ಎಟಕುತ್ತದೆ, ಎರಡು ನಟ್ಟು ತೆಗೆದರೆ ಕಳಚಿಕೊಳ್ಳುತ್ತದೆ, ತೊಳೆದು ಹಾಕಿದರೆ ಕೆಲಸ ಮಾಡಿದಂತೆಯೂ ಕಾಣುತ್ತದೆ. ಆದರೆ ಬಿಚ್ಚಬೇಕಾದದ್ದು ಕೊನೆಗೆ. ಟ್ಯಾಪೆಟ್ ತಪ್ಪಿದ್ದರೆ ಕಂಪ್ರೆಷನ್ ತಪ್ಪುತ್ತದೆ. ಪಾಯಿಂಟಿನ ಸಂದಿ ಬದಲಾದರೆ ಟೈಮಿಂಗ್ ಬದಲಾಗುತ್ತದೆ. ಟೈಮಿಂಗ್ ಬದಲಾದರೆ ನಿರ್ವಾತ ಬದಲಾಗುತ್ತದೆ. ನಿರ್ವಾತ ತಪ್ಪಿದ ಎಂಜಿನ್ನಿನಲ್ಲಿ ಕಾರ್ಬರೇಟರಿನ ಸ್ಕ್ರೂ ತಿರುವಿ ಸಾಧಿಸಿದ್ದೆಲ್ಲ ಹುಸಿ. ಈ ಸರಪಳಿಯನ್ನು ಹಿಂದಿನಿಂದ ಹಿಡಿದವರು ಒಂದು ಗಾಡಿಗೆ ಮೂರು ಕಾರ್ಬರೇಟರ್ ಕೊಳ್ಳುತ್ತಾರೆ.

ಅದಕ್ಕೂ ಮೊದಲು ಚಾಲಕನ ಪಕ್ಕದಲ್ಲಿ ಕೂತು ಒಂದು ಸುತ್ತು ಹೋಗಿಬರಬೇಕು. ಪೆಟ್ರೋಲ್ ಉಳಿಸುವ ಹಂಬಲದಲ್ಲಿ ಗಂಟೆಗೆ 30 ಕಿ.ಮೀ. ವೇಗಕ್ಕೇ ನಾಲ್ಕನೆಯ ಗೇರ್ ಹಾಕುವ ಮುಂಬಯಿ ರೂಢಿಗೆ ಯಾವ ಎಂಜಿನ್ನೂ ತಡವರಿಸುತ್ತದೆ. ದೋಷ ತಣ್ಣಗಿದ್ದಾಗ ಮಾತ್ರವೋ, ಬಿಸಿಯಾದ ಮೇಲೋ, ಎರಡರಲ್ಲೂವೋ? ಪೆಡಲಿನ ಮೊದಲ ಕೂದಲೆಳೆಯಷ್ಟು ಚಲನೆಯಲ್ಲೋ, ಅರ್ಧ ಒತ್ತಿದಾಗಲೋ? ಮೆಲ್ಲಗೆ ಒತ್ತಿದರೆ ಇಲ್ಲ, ಫಕ್ಕನೆ ಒತ್ತಿದರೆ ಮಾತ್ರ ಎಂದಾದರೆ ಆಕ್ಸಿಲರೇಟರ್ ಪಂಪಿನ ಮೇಲೆ ಅನುಮಾನ. ಮೆಲ್ಲಗೆ ಒತ್ತಿದರೂ ಒಂದೇ ಜಾಗದಲ್ಲಿ ಕುಗ್ಗುತ್ತದೆ ಎಂದಾದರೆ ಸ್ಲೋ ಜೆಟ್ ಅಥವಾ ಕಿಡಿಯ ಹೊತ್ತು. ಕೆಂಪ್ಸ್ ಕಾರ್ನರ್ ಇದಕ್ಕೆ ಒಳ್ಳೆಯ ಪರೀಕ್ಷಾಸ್ಥಳ: 1965ರಲ್ಲಿ ಕಟ್ಟಿದ ನಗರದ ಮೊದಲ ಫ್ಲೈಓವರ್, ಅಲ್ಲಿಂದ ಪೆಡ್ಡರ್ ರೋಡಿನ ಏರು. ಎರಡನೆಯ ಗೇರಿನಲ್ಲಿ ಕಾಲು ಸಡಿಲಿಸಿ ಮತ್ತೆ ಒತ್ತಿದಾಗ ಅಲ್ಲಿ ಅಡಗಿಕೊಳ್ಳುವ ತಡವರಿಕೆ ಇಲ್ಲ. ಬೆಳಗ್ಗೆ ಆರರೊಳಗೆ ಹೋದರೆ ಹಿಂದಿನವರ ಹಾರ್ನ್ ಕೇಳಬೇಕಿಲ್ಲ.

ಕೆಲಸ ಶುರುವಾಗುವುದು ಟ್ಯಾಪೆಟ್‌ನಿಂದ, ಎಂಜಿನ್ ಪೂರ್ತಿ ತಣ್ಣಗಿರುವಾಗ. ಹೆಚ್ಚಿನ ಬೀಟಲ್‌ಗಳಿಗೆ ಸಂದಿ 0.15 ಮಿ.ಮೀ.; ತೀರ ಹಳೆಯವಕ್ಕೆ 0.10. ಪೆಟ್ರೋಲ್ ಎಂಜಿನ್ನಿನಲ್ಲಿ ಟ್ಯಾಪೆಟ್ 'ಟಿಕಟಿಕ' ಎನ್ನಬಾರದು ಎಂದು ಬಿಗಿಮಾಡುವ ಚಾಳಿ ವಾಯುಶೀತಲದಲ್ಲಿ ವಾಲ್ವನ್ನು ಸುಡುತ್ತದೆ. ಮೂರನೆಯ ಸಿಲಿಂಡರಿನ ಎಕ್ಸಾಸ್ಟ್ ವಾಲ್ವಿಗೆ ವಿಶೇಷ ಗಮನ ಬೇಕು: 1970ರವರೆಗಿನ ಎಂಜಿನ್‌ಗಳಲ್ಲಿ ಆಯಿಲ್ ಕೂಲರ್ ಅದರ ಗಾಳಿಯ ದಾರಿಗೇ ಅಡ್ಡ ಕೂತಿರುವುದರಿಂದ ಅದು ಎಲ್ಲಕ್ಕಿಂತ ಬಿಸಿ. ಕಂಪ್ರೆಷನ್ ನಾಲ್ಕರಲ್ಲೂ 100ರಿಂದ 130 ಪಿಎಸ್‌ಐ ನಡುವೆ ಹತ್ತಿರ ಹತ್ತಿರ ಬಂದರೆ ಮುಂದುವರಿಯಬಹುದು. ಒಂದು ಸಿಲಿಂಡರ್ ತೀರ ಹಿಂದುಳಿದಿದ್ದರೆ ಟ್ಯೂನಿಂಗ್ ಮಾಡುವುದು ದುಡ್ಡು ದಂಡ.

ಪಾಯಿಂಟಿನ ಸಂದಿ 0.4 ಮಿ.ಮೀ., ಪ್ಲಗ್ಗಿನದು 0.6–0.7. ಉರಿಯುವ ಸರದಿ 1-4-3-2. ಪಾಯಿಂಟ್ ಸುಟ್ಟು ಗುಳಿ ಬಿದ್ದಿದ್ದರೆ ಕಂಡೆನ್ಸರ್ ಕೆಟ್ಟಿರುವ ಸಂಭವವಿದೆ. ಈಗ ಸಿಗುವ ಕಂಡೆನ್ಸರ್‌ಗಳಲ್ಲಿ ಹೊಸದೇ ಕೆಟ್ಟಿರುವುದು ಅಪರೂಪವಲ್ಲ, ಹಳೆಯದನ್ನು ಎಸೆಯದೆ ಇಟ್ಟುಕೊಳ್ಳುವುದು ಜಾಣತನ. ಡೆಲ್ಕೊದ ದಂಡವನ್ನು ಬೆರಳಲ್ಲಿ ಹಿಡಿದು ಅಲುಗಿಸಿ ನೋಡಬೇಕು. ಪಕ್ಕಕ್ಕೆ ಆಡಿದರೆ ಬುಶ್ ಸವೆದಿದೆ ಎಂದರ್ಥ, ಸಂದಿ ಸುತ್ತಿಗೊಂದರಂತೆ ಬದಲಾಗುತ್ತದೆ, ಯಾವ ಹೊಂದಾಣಿಕೆಯೂ ನಿಲ್ಲುವುದಿಲ್ಲ. ರಾತ್ರಿ ಕತ್ತಲಲ್ಲಿ ಎಂಜಿನ್ ಓಡಿಸಿ, ಪ್ಲಗ್ ವಯರುಗಳ ಮೇಲೆ ತುಸು ನೀರು ಸಿಂಪಡಿಸಿದರೆ ಸೋರುವ ಕಿಡಿ ನೀಲಿಯಾಗಿ ಕಣ್ಣಿಗೇ ಕಾಣುತ್ತದೆ. ಮಳೆಗಾಲಕ್ಕೆ ಮುಂಚೆ ಮಾಡತಕ್ಕ ಪರೀಕ್ಷೆ ಇದು.

ಈಗ ಆ ಸಣ್ಣ ಟ್ಯೂಬು. ಡೆಲ್ಕೊದ ಮುಚ್ಚಳ ತೆಗೆದು, ಟ್ಯೂಬನ್ನು ಕಾರ್ಬರೇಟರಿನಿಂದ ಕಳಚಿ, ಆ ತುದಿಯನ್ನು ಬಾಯಲ್ಲಿ ಎಳೆದರೆ ಪಾಯಿಂಟಿನ ತಟ್ಟೆ ತಿರುಗಬೇಕು. ನಾಲಿಗೆಯಿಂದ ತುದಿ ಮುಚ್ಚಿದರೆ ತಿರುಗಿದ ತಟ್ಟೆ ಅಲ್ಲೇ ನಿಲ್ಲಬೇಕು. ವಾಪಸು ಜಾರಿದರೆ ಪೊರೆ ತೂತಾಗಿದೆ ಇಲ್ಲವೇ ಟ್ಯೂಬು ಸೀಳಿದೆ. ಯಾವ ಉಪಕರಣವೂ ಬೇಡದ ಈ ಅರ್ಧ ನಿಮಿಷದ ಪರೀಕ್ಷೆಯನ್ನು ಮಾಡದೆಯೇ ಕಾರ್ಬರೇಟರ್ ತೊಳೆಸಿದವರೇ ಹೆಚ್ಚು. ಟ್ಯೂಬನ್ನು ಹೆಗ್ಗಣ ಕಡಿದಿರುವ ಸಾಧ್ಯತೆಯನ್ನೂ ಮುಂಬಯಿಯಲ್ಲಿ ಮರೆಯಬಾರದು.

ಕೆಲವು ಗಾಡಿಗಳಲ್ಲಿ ಟ್ಯೂಬೇ ಇರುವುದಿಲ್ಲ. ಬಾಷ್ 009 ಎಂಬ ಡೆಲ್ಕೊ ಜಗತ್ತಿನಾದ್ಯಂತ ಬೀಟಲ್ ಮಾಲೀಕರ ಅಚ್ಚುಮೆಚ್ಚಾಯಿತು. ಅಗ್ಗ, ಗಟ್ಟಿಮುಟ್ಟು, ನಿರ್ವಾತದ ಗೊಡವೆ ಇಲ್ಲ. ಅದರಲ್ಲಿ ಕಿಡಿಯನ್ನು ಮುಂದಕ್ಕೆ ಒಯ್ಯುವುದು ಸುತ್ತಿನ ವೇಗಕ್ಕೆ ಹೊರಕ್ಕೆ ಚಾಚುವ ತೂಕಗಳು ಮಾತ್ರ. ಹೆಚ್ಚುಕಡಿಮೆ ಒಂದೇ ವೇಗದಲ್ಲಿ ತಿರುಗುವ ಎಂಜಿನ್ನಿಗೆ ಅದು ತಕ್ಕದ್ದು. ಸಿಗ್ನಲಿನಿಂದ ಸಿಗ್ನಲಿಗೆ ಹೋಗುವ ಕಾರಿನಲ್ಲಿ ಪೆಡಲ್ ಒತ್ತಿದ ಕ್ಷಣ ಎಂಜಿನ್ನಿನ ವೇಗ ಇನ್ನೂ ಏರಿರುವುದಿಲ್ಲ, ಆದ್ದರಿಂದ ಕಿಡಿಯೂ ಮುಂದೆ ಸರಿದಿರುವುದಿಲ್ಲ. ಗಾಡಿ ಕುಗ್ಗುತ್ತದೆ. ಪಂಪಿನ ಪೆಟ್ರೋಲ್ ಹೆಚ್ಚಿಸಿ ಈ ಕುಗ್ಗುವಿಕೆಯನ್ನು ಮುಚ್ಚಿಡಬಹುದು, ಮೈಲೇಜ್ ಕಳೆದುಕೊಂಡು. 009 ಇಟ್ಟುಕೊಳ್ಳಲೇಬೇಕೆಂದರೆ ಟೈಮಿಂಗ್ ಲೈಟ್ ಹಿಡಿದು, ಎಂಜಿನ್ನನ್ನು 3,000 ಸುತ್ತು ದಾಟಿಸಿ, ಗರಿಷ್ಠ ಮುನ್ನಡೆ 28ರಿಂದ 32 ಡಿಗ್ರಿಯೊಳಗೆ ನಿಲ್ಲುವಂತೆ ಇಡಬೇಕು. ಗಾಡಿಯೊಂದಿಗೆ ಬಂದ ನಿರ್ವಾತದ ಡೆಲ್ಕೊವನ್ನು ರಿಪೇರಿ ಮಾಡಿಸಿ ಮತ್ತೆ ಕೂರಿಸುವುದೇ ನನ್ನ ದೃಷ್ಟಿಯಲ್ಲಿ ಒಳ್ಳೆಯದು. ಬೇರೆ ಬೇರೆ ವರ್ಷದ ಕಾರ್ಬರೇಟರ್ ಮತ್ತು ಡೆಲ್ಕೊಗಳು ಒಂದಕ್ಕೊಂದು ಜೊತೆಯಾಗಿ ತಯಾರಾದವು ಎಂಬುದನ್ನು ನೆನಪಿಡಬೇಕು. 1970ರ ದಶಕದ ಸೋಲೆಕ್ಸ್ 34 ಪಿಕ್ಟ್-3 ಕಾರ್ಬರೇಟರಿನ ಪಕ್ಕದಲ್ಲಿ 009 ಇಡುವುದು ತಡವರಿಕೆಯನ್ನು ಕರೆದು ಕೂರಿಸಿದಂತೆ.

ಇನ್ನು 'ಏರ್ ತಗೊಳ್ಳುವುದು'. ಕಾರ್ಬರೇಟರಿನ ಬುಡದ ಗ್ಯಾಸ್ಕೆಟ್, ಮ್ಯಾನಿಫೋಲ್ಡ್ ಹೆಡ್ಡಿಗೆ ಸೇರುವ ಜಾಗ, 1971ರ ನಂತರದ 1600 ಎಂಜಿನ್‌ಗಳಲ್ಲಿ ಪೈಪುಗಳ ನಡುವಿನ ರಬ್ಬರ್ ತೋಳುಗಳು, ಇವುಗಳಲ್ಲಿ ಯಾವುದೇ ಬಿರುಕು ಬಿಟ್ಟರೂ ಲೆಕ್ಕಕ್ಕೆ ಸಿಗದ ಗಾಳಿ ನುಗ್ಗುತ್ತದೆ. ಮುಂಬಯಿಯ ಬಿಸಿಯಲ್ಲಿ ಈ ತೋಳುಗಳು ಬೇಗ ಸೆಡೆತುಕೊಳ್ಳುತ್ತವೆ. ಎಂಜಿನ್ ಸುಮ್ಮನೆ ಓಡುತ್ತಿರುವಾಗ ಜೋಡಣೆಗಳ ಮೇಲೆ ನೀರಿನ ಸಣ್ಣ ಸಿಂಪಡಿಕೆ ಕೊಟ್ಟರೆ, ಬಿರುಕಿದ್ದಲ್ಲಿ ನೀರು ಒಳಕ್ಕೆ ಎಳೆಯಲ್ಪಟ್ಟು ಓಟದ ಸದ್ದು ಬದಲಾಗುತ್ತದೆ. ಪೆಟ್ರೋಲ್ ಎರಚಿ ಪರೀಕ್ಷಿಸುವವರೂ ಇದ್ದಾರೆ. ಸೈಲೆನ್ಸರ್ ಅಷ್ಟು ಹತ್ತಿರವಿರುವ ಗಾಡಿಯಲ್ಲಿ ಅದು ಹುಚ್ಚುತನ.

ಕಾರ್ಬರೇಟರಿನ ಸರದಿ ಇಲ್ಲಿ ಬರುತ್ತದೆ, ಅದೂ ಬಿಚ್ಚದೆಯೇ. ಏರ್ ಕ್ಲೀನರ್ ತೆಗೆದು, ಎಂಜಿನ್ ನಿಲ್ಲಿಸಿ, ಟಾರ್ಚ್ ಬಿಟ್ಟು ಗಂಟಲೊಳಗೆ ನೋಡುತ್ತ ಥ್ರಾಟಲನ್ನು ಕೈಯಿಂದ ತಿರುವಬೇಕು. ತಿರುವಿದ ಕ್ಷಣವೇ ಪೆಟ್ರೋಲಿನ ಗಟ್ಟಿ ಎಳೆಯೊಂದು ಚಿಮ್ಮಿ ಎಲೆಯ ಸಂದಿಗೆ ಬೀಳಬೇಕು. ತಡವಾಗಿ ಬಂದರೆ, ತೊಟ್ಟಿಕ್ಕಿದರೆ, ಗೋಡೆಗೆ ಬಡಿದು ಚೆದುರಿದರೆ ಪಂಪಿನ ಪೊರೆ, ಅದರ ಗುಂಡು ಅಥವಾ ಚಿಮ್ಮುಗೊಳವೆ ಕೆಟ್ಟಿದೆ. ಸ್ಲೋ ಜೆಟ್ಟನ್ನು ಹೊರಗಿನಿಂದಲೇ ತೆಗೆದು ಊದಿ ನೋಡಬಹುದು. ಅದರ ಕಣ್ಣು ಎಷ್ಟು ಸಣ್ಣದೆಂದರೆ ಟ್ಯಾಂಕಿನ ತುಕ್ಕಿನ ಒಂದು ಕಣ ಸಾಕು. ತಂತಿ ಚುಚ್ಚಿ ಕಣ್ಣನ್ನು ದೊಡ್ಡದು ಮಾಡಬಾರದು. ಪಕ್ಕದ ವಿದ್ಯುತ್ ಕಟ್-ಆಫ್ ವಾಲ್ವ್ ಇಗ್ನಿಷನ್ ಹಾಕಿದಾಗ 'ಟಕ್' ಎನ್ನಬೇಕು.

30 ಪಿಕ್ಟ್-3 ಮತ್ತು 34 ಪಿಕ್ಟ್-3 ಕಾರ್ಬರೇಟರುಗಳಲ್ಲಿ ಒಂದು ಬೋನು ಅಡಗಿದೆ. ಇವುಗಳಲ್ಲಿ ಓಟದ ವೇಗ ಹೊಂದಿಸುವುದು ಪಕ್ಕದ ದೊಡ್ಡ ಬೈಪಾಸ್ ಸ್ಕ್ರೂವಿನಿಂದ. ಪದ್ಮಿನಿಯ ಕೈ ಇರುವ ಮೆಕ್ಯಾನಿಕ್ ಅಭ್ಯಾಸಬಲದಿಂದ ಥ್ರಾಟಲ್ ಕಡ್ಡಿಯ ಸ್ಕ್ರೂವನ್ನು ತಿರುವುತ್ತಾನೆ. ಎಂಜಿನ್ ಸುಮ್ಮನೆ ಓಡುವಾಗ ಸೊಗಸಾಗಿಯೇ ಇರುತ್ತದೆ. ಆದರೆ ಎಲೆ ತುಸು ತೆರೆದೇ ಉಳಿದು, ಅದರ ಅಂಚಿನ ಪುಟ್ಟ ತೂತುಗಳು ಆಗಲೇ ಬಯಲಾಗಿರುತ್ತವೆ. ಸುಮ್ಮನೆ ಓಡುವುದರಿಂದ ಎಳೆತಕ್ಕೆ ದಾಟಿಸುವ ಪೆಟ್ರೋಲ್ ಬರಬೇಕಾದದ್ದು ಆ ತೂತುಗಳಿಂದ. ಪೆಡಲ್ ಒತ್ತಿದಾಗ ಕೊಡಲು ಅವುಗಳಲ್ಲಿ ಏನೂ ಉಳಿದಿರುವುದಿಲ್ಲ. ಕಡ್ಡಿಯ ಸ್ಕ್ರೂವನ್ನು ಪೂರ್ತಿ ಹಿಂದೆಗೆದು, ಮುಟ್ಟಿದ ಮೇಲೆ ಕಾಲು ಸುತ್ತಷ್ಟು ಮಾತ್ರ ಒಳಕ್ಕೆ ಬಿಟ್ಟು, ಉಳಿದದ್ದನ್ನು ಬೈಪಾಸಿನಲ್ಲಿ ಹೊಂದಿಸಿದರೆ ಎಷ್ಟೋ 'ಹಾಳಾದ' ಕಾರ್ಬರೇಟರುಗಳು ಸರಿಹೋಗುತ್ತವೆ.

ಎಥೆನಾಲಿನ ತೆಳುವನ್ನು ಸರಿದೂಗಿಸಲು ಮೇನ್ ಜೆಟ್ ಬದಲಿಸಬೇಕಾಗಬಹುದು. ಜೆಟ್ಟಿನ ಸಂಖ್ಯೆ ಅದರ ರಂಧ್ರದ ಅಳತೆ: 125 ಎಂದರೆ 1.25 ಮಿ.ಮೀ. ಹರಿವು ರಂಧ್ರದ ವಿಸ್ತೀರ್ಣಕ್ಕೆ ತಕ್ಕಂತೆ ಇರುವುದರಿಂದ 125ರಿಂದ 130ಕ್ಕೆ ಹೋದರೆ ಸುಮಾರು ಶೇಕಡಾ 8 ಹೆಚ್ಚು ಪೆಟ್ರೋಲ್ ಸಿಗುತ್ತದೆ. ಲೆಕ್ಕ ಎಥೆನಾಲಿನ ಕೊರತೆಗೆ ಸರಿಯಾಗಿ ಕೂಡುತ್ತದೆ. ಇದನ್ನು ಉಳಿದೆಲ್ಲ ಮುಗಿದ ಮೇಲೆ, ಪಿಯುಸಿಯ ಯಂತ್ರ ತೋರಿಸುವ ಅಂಕಿಯ ಮೇಲೆ ಕಣ್ಣಿಟ್ಟು ಮಾಡಬೇಕು. ಮುಚ್ಚಿದ ಹೊಗೆಕವಲಿನ ಮಸಿಯನ್ನು ತೆಗೆಯುವುದು ಒರಟು ಕೆಲಸ: ಮ್ಯಾನಿಫೋಲ್ಡ್ ಕಳಚಿ, ಕವಲನ್ನು ಕೆಂಪಗೆ ಕಾಯಿಸಿ, ಹಳೆಯ ಕ್ಲಚ್ ಕೇಬಲಿನ ತುಂಡನ್ನು ಡ್ರಿಲ್ಲಿಗೆ ಸಿಕ್ಕಿಸಿ ಒಳಗೆ ತಿರುಗಿಸುತ್ತಾರೆ.

ಬಿಡಿಭಾಗ ಮತ್ತು ನೋಂದಣಿ

ಪಾಯಿಂಟ್, ಕಂಡೆನ್ಸರ್, ಹೋಸು, ಗ್ಯಾಸ್ಕೆಟ್ ಕಾಗದಗಳಂಥ ಸಾಮಾನ್ಯ ಸಾಮಾನು ಒಪೇರಾ ಹೌಸ್ ಸುತ್ತಿನ ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ಸಿಗುತ್ತದೆ. ಚೋರ್ ಬಜಾರ್, ಕುರ್ಲಾದ ಸಿಎಸ್‌ಟಿ ರಸ್ತೆಗಳಲ್ಲಿ ಹಳೆಯ ಡೆಲ್ಕೊ, ಕಾರ್ಬರೇಟರಿನ ಒಡಲು ಅದೃಷ್ಟವಿದ್ದವರಿಗೆ ದೊರೆಯುತ್ತವೆ. ಹೊರಮೈ ಹೊಳೆಯುವಂತೆ ತಿಕ್ಕಿದ್ದನ್ನು ಕೊಳ್ಳುವ ಮುನ್ನ ಥ್ರಾಟಲಿನ ದಂಡ ಅಲುಗಾಡುತ್ತದೆಯೇ ಎಂದು ನೋಡಬೇಕು. ಬ್ರೆಜಿಲ್ ಮತ್ತು ಮೆಕ್ಸಿಕೊಗಳಲ್ಲಿ ಬೀಟಲ್ ಬಹುಕಾಲ ತಯಾರಾದ್ದರಿಂದ ಅಲ್ಲಿನ ಭಾಗಗಳು ಈಗಲೂ ತರಿಸಿಕೊಳ್ಳಲು ಸಿಗುತ್ತವೆ.

50 ವರ್ಷ ಮೀರಿದ, ಮೂಲರೂಪ ಉಳಿಸಿಕೊಂಡ ವಾಹನಗಳಿಗೆ 2021ರ ಕೇಂದ್ರ ನಿಯಮ 'ವಿಎ' ಅಕ್ಷರವಿರುವ ಬೇರೆ ನಂಬರ್ ಕೊಡುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಅಂಥ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ದುರಸ್ತಿಗಳಿಗೆ ಮಾತ್ರ ರಸ್ತೆಗಿಳಿಸಬಹುದು. ನಿಯಮ ಒಳ್ಳೆಯ ಉದ್ದೇಶದ್ದೇ. ಆದರೆ ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ಪೆಟ್ರೋಲ್ ಹಳಸುತ್ತದೆ, ಪಂಪಿನ ಪೊರೆ ಒಣಗುತ್ತದೆ, ಪಾಯಿಂಟಿಗೆ ಕಿಲುಬು ಹತ್ತುತ್ತದೆ. ರ‍್ಯಾಲಿಯ ಬೆಳಗ್ಗೆ ತಡವರಿಸುವ ಗಾಡಿಗಳಲ್ಲಿ ಬಹುಪಾಲಿನ ರೋಗ ನಿಂತದ್ದರಿಂದಲೇ ಬಂದದ್ದು. ಮಳೆಗಾಲಕ್ಕೆ ನಿಲ್ಲಿಸುವುದಾದರೆ ಟ್ಯಾಂಕನ್ನು ಕುತ್ತಿಗೆವರೆಗೆ ತುಂಬಿಸಬೇಕು, ಆಗ ತೇವದ ಗಾಳಿಗೆ ಒಳಗೆ ಜಾಗವಿರುವುದಿಲ್ಲ. ಕಾರ್ಬರೇಟರಿನ ಬಟ್ಟಲನ್ನು ಮಾತ್ರ ಬರಿದು ಮಾಡಬೇಕು.

ಎಲ್ಲ ಸರಿಪಡಿಸಿಯೂ ಸಿಲಿಂಡರುಗಳು ಕುಂಟುತ್ತಿದ್ದರೆ ಕ್ಯಾಮ್‌ಶಾಫ್ಟ್ ಸವೆದಿರುವ ಸಾಧ್ಯತೆ ಉಳಿಯುತ್ತದೆ. ವಾಲ್ವ್ ಕವರ್ ತೆಗೆದು, ಡಯಲ್ ಗೇಜ್ ಇಟ್ಟು, ಪ್ರತಿ ವಾಲ್ವ್ ಎಷ್ಟು ಏಳುತ್ತದೆ ಎಂದು ಅಳೆದರೆ ಗೊತ್ತಾಗುತ್ತದೆ. ಒಂದು ಉಳಿದವಕ್ಕಿಂತ ಸ್ಪಷ್ಟವಾಗಿ ಕಡಿಮೆ ಎದ್ದರೆ ಎಂಜಿನ್ ಕೆಳಗಿಳಿಸಲೇಬೇಕು. ಬೀಟಲ್‌ನ ಎಂಜಿನ್ ಗೇರ್‌ಬಾಕ್ಸಿಗೆ ಅಂಟಿರುವುದು ನಾಲ್ಕೇ ಬೋಲ್ಟುಗಳಿಂದ. ಪೆಟ್ರೋಲ್ ಹೋಸು, ಥ್ರಾಟಲ್ ಕೇಬಲ್, ಹೀಟರಿನ ತಂತಿಗಳು, ಕೆಲವು ವಯರುಗಳನ್ನು ಬಿಡಿಸಿ, ಕೆಳಗೆ ಜಾಕ್ ಕೊಟ್ಟು, ಇಬ್ಬರು ಸೇರಿ ಹಿಂದಕ್ಕೆ ಎಳೆದು ಇಳಿಸಿದರೆ ಬೈಕುಲ್ಲಾದ ಗಲ್ಲಿಯೊಂದರ ಫುಟ್‌ಪಾತಿನ ಮೇಲೂ ಆ ಕೆಲಸ ಒಂದು ಬೆಳಗಿನಲ್ಲಿ ಆಗುತ್ತದೆ.